ಅಕ್ಕನ ಮಗ ಮನೆ ಒಕ್ಕಲಿಗೆ ಮುಟ್ಟಲೇ ಇಲ್ಲ, ಅರ್ಧ ದಾರಿಯಿಂದ ವಿಮಾನ ತಿರುಗಿಸಿದ್ದು ಸರಿಯಾ ಅತಿಯಾಯ್ತಾ?

ಮಲ್ಪೆಕರೆ · ಭಾನುವಾರ ರಾತ್ರಿ 9:12

ನಮಸ್ಕಾರ ಎಲ್ರಿಗೂ. ವಿಷಯ ಸ್ವಲ್ಪ ಬೇರೆ ಥರದ್ದು, ಆದ್ರೆ ಇಲ್ಲಿ ವಿಮಾನದ ಮರ್ಲಿನವರು ಒಂದಿಬ್ರು ಇದ್ದಾರೆ ಅಂತ ಗೊತ್ತುಂಟು, ಅದಕ್ಕೆ ಹಾಕ್ತಾ ಇದ್ದೇನೆ.

ನಮ್ಮ ಅಕ್ಕನ ಮಗ ಅಮೆರಿಕದ ಡೆನ್ವರ್ ಹತ್ರ ಇರುದು. ಸಾಫ್ಟ್‌ವೇರ್ ಕೆಲಸ, ಆದ್ರೆ ಖಾಸಗಿ ಪೈಲಟ್ ಲೈಸೆನ್ಸ್ ಮಾಡ್ಸಿದ್ದಾನೆ, ಕ್ಲಬ್ಬಿಂದ ನಾಲ್ಕು ಸೀಟಿನ ಸೆಸ್ನಾ 172 ಬಾಡಿಗೆಗೆ ತಗೊಂಡು ಓಡಾಡ್ತಾನೆ. ಅವನ ತಂಗಿದು ಸಾಲ್ಟ್ ಲೇಕ್ ಸಿಟಿಯಲ್ಲಿ ಶನಿವಾರ ಬೆಳಿಗ್ಗೆ ಮನೆ ಒಕ್ಕಲು. ಕಾರಲ್ಲಾದ್ರೆ ಎಂಟು ಗಂಟೆ, ವಿಮಾನದಲ್ಲಾದ್ರೆ ಅದರ ಅರ್ಧ, ಅಂತ ಶುಕ್ರವಾರ ಕೆಲಸ ಮುಗಿಸಿ ಸಂಜೆ ಹೊರಟಿದ್ದಾನೆ. ಆ ವಾರ ಪೂರಾ ಅವನಿಗೆ ಆನ್‌ಕಾಲ್ ಡ್ಯೂಟಿ, ರಾತ್ರಿ ರಾತ್ರಿ ಫೋನು, ನಿದ್ದೆ ಸರಿ ಇಲ್ಲ. ನೇರ ಪಶ್ಚಿಮಕ್ಕೆ ಹೋದ್ರೆ ರಾಕಿ ಬೆಟ್ಟದ ಎತ್ತರದ ಭಾಗ ಬರ್ತದೆ ಅಂತ ಉತ್ತರಕ್ಕೆ ವ್ಯೋಮಿಂಗ್ ಕಡೆಯಿಂದ ಸುತ್ತು ಹಾಕಿ, ಐ-80 ಹೈವೇ ಮೇಲೇ ಹೋಗುದು ಪ್ಲಾನು.

ಲಾರಮಿ ಅಂತ ಒಂದು ಊರು ದಾಟಿದ ಮೇಲೆ ಮೋಡ ಕೆಳಗೆ ಬರ್ತಾ ಬರ್ತಾ, ಹಿಮ ಬೀಳ್ಲಿಕ್ಕೆ ಶುರುವಾಗಿ, ಇವ ತಿರುಗಿಸಿ ಲಾರಮಿಯಲ್ಲೇ ಇಳಿಸಿ ಒಂದು ಲಾಡ್ಜಲ್ಲಿ ಮಲಗಿದ. ಮರುದಿನ ಬೆಳಿಗ್ಗೆ ಹೈವೇ ಕೂಡ ಬಂದ್. ಮನೆ ಒಕ್ಕಲು ವಿಡಿಯೋ ಕಾಲಲ್ಲಿ ನೋಡಿದ್ದು. ಈಗ ನಮ್ಮ ಮನೆ ಗ್ರೂಪಲ್ಲಿ ದೊಡ್ಡ ಲಡಾಯಿ. ಭಾವ ಹೇಳುದು, ಇಷ್ಟು ದುಡ್ಡು ಹಾಕಿ ಲೈಸೆನ್ಸ್ ಮಾಡಿಸಿದವ ಸ್ವಲ್ಪ ಮೋಡ ನೋಡಿ ಹೆದರಿ ಓಡಿ ಬಂದ, ತಂಗಿಯ ಒಂದು ಕಾರ್ಯಕ್ಕೆ ಅಣ್ಣ ಇಲ್ಲ ಅಂತ ಆಯ್ತು. ಅಕ್ಕ ಮಾತಾಡುದಿಲ್ಲ. ನನಗೆ ಎಂತ ಹೇಳ್ಬೇಕು ಅಂತ ಗೊತ್ತಾಗ್ತಾ ಇಲ್ಲ. ಗೊತ್ತಿದ್ದವರು ಹೇಳಿ, ಅವ ಮಾಡಿದ್ದು ಸರಿಯಾ ಅಥವಾ ಸ್ವಲ್ಪ ಜಾಸ್ತಿ ಹೆದರಿದ್ದಾ?

ಪಂಪ್‌ವೆಲ್_ಜಾಮ್ · 9:20

ಹೆದರಿದ್ದೇ. ಈಗಿನ ಕಾಲದಲ್ಲಿ ಜಿಪಿಎಸ್ ಉಂಟು, ಆಟೋಪೈಲಟ್ ಉಂಟು, ಐಪ್ಯಾಡಲ್ಲಿ ಬೆಟ್ಟ ಎಲ್ಲಿ ಉಂಟು ಅಂತ ಕೆಂಪು ಬಣ್ಣದಲ್ಲಿ ತೋರಿಸ್ತದೆ. ಮೋಡ ಅಂದ್ರೆ ಸಣ್ಣ ಸಣ್ಣ ನೀರ ಹನಿ ಮಾರ್ರೆ, ಅದರೊಳಗೆ ಹೋದ್ರೆ ಎಂತ ಆಗ್ತದೆ.

ಬಜ್ಪೆ_ಗುಡ್ಡೆ · 9:26

ಮೋಡದೊಳಗೆ ಬೆಟ್ಟ ಇರ್ತದೆ, ಅಷ್ಟೇ ಆಗುದು.

ಸುರತ್ಕಲ್_172 · 9:58

ನಾನು ಬೆಂಗಳೂರಲ್ಲಿ ಲೈಸೆನ್ಸ್ ಮಾಡಿ ಈಗ ಊರಲ್ಲಿ ಇರುದು, ಇದೇ ಮಾಡೆಲ್ ವಿಮಾನ ಹಾರಿಸಿದ್ದೇನೆ. ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಬೇಡಿ.

ಮೊದಲು ಒಂದು ಕೇಳ್ತೇನೆ, ಅವನ ಹತ್ರ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದ್ರೆ ಹೊರಗೆ ಏನೂ ಕಾಣದಾಗ ಬರೀ ಮೀಟರ್ ನೋಡಿ ಹಾರುವ ಪರವಾನಗಿ ಉಂಟಾ? ಇಲ್ಲ ಅಂದ್ರೆ ಅವ ಕಣ್ಣಲ್ಲಿ ನೋಡಿ ಹಾರುವ ಪೈಲಟ್, ಅಂದ್ರೆ ವಿಎಫ್‌ಆರ್. ಅವನಿಗೆ ಮೋಡದೊಳಗೆ ಹೋಗ್ಲಿಕ್ಕೆ ಕಾನೂನೂ ಇಲ್ಲ, ತರಬೇತಿಯೂ ಸಾಲುದಿಲ್ಲ. ಅಲ್ಲಿಯ ನಿಯಮದಲ್ಲಿ ಆ ಎತ್ತರಕ್ಕೆ ಸಾಮಾನ್ಯವಾಗಿ ಕನಿಷ್ಠ 3 ಮೈಲಿ ಕಾಣ್ಬೇಕು, ನಮ್ಮಲ್ಲಿ 5 ಕಿ.ಮೀ., ಎರಡೂ ಹತ್ರ ಹತ್ರ ಒಂದೇ. ಕೇಳ್ಲಿಕ್ಕೆ ತುಂಬ ದೂರ ಅನ್ನಿಸ್ತದೆ. ಆದ್ರೆ ಈ ವಿಮಾನ ಗಂಟೆಗೆ ಸುಮಾರು 200 ಕಿ.ಮೀ. ಹೋಗುದು, 5 ಕಿ.ಮೀ. ಅಂದ್ರೆ ಒಂದೂವರೆ ನಿಮಿಷ. ಎದುರಿಗೆ ಬೆಟ್ಟ ಕಂಡು, ಅದು ಬೆಟ್ಟ ಅಂತ ಮಂಡೆಗೆ ಹೋಗಿ, ಯೋಚನೆ ಮಾಡಿ, ತಿರುಗಿಸುದು ಎಲ್ಲ ಆ ಒಂದೂವರೆ ನಿಮಿಷದಲ್ಲಿ ಆಗ್ಬೇಕು. ನಾರ್ಮಲ್ ಸ್ಪೀಡಲ್ಲಿ 30 ಡಿಗ್ರಿ ವಾಲಿಸಿ ಯು-ಟರ್ನ್ ಹೊಡೀಲಿಕ್ಕೇ ಸುಮಾರು ಒಂದು ಕಿ.ಮೀ. ಅಗಲ ಜಾಗ ಬೇಕು. ಕಣಿವೆ ಅದಕ್ಕಿಂತ ಸಪೂರ ಆಯ್ತು ಅಂತಿಟ್ಕೊಳ್ಳಿ, ತಿರುಗಿಸ್ಲಿಕ್ಕೇ ಇಲ್ಲ. ಜಾಸ್ತಿ ವಾಲಿಸಿದ್ರೆ ಸಣ್ಣ ಜಾಗದಲ್ಲಿ ತಿರುಗ್ತದೆ, ಆದ್ರೆ 60 ಡಿಗ್ರಿ ವಾಲಿಸಿದ್ರೆ ಸ್ಟಾಲ್ ಆಗುವ (ಅಂದ್ರೆ ರೆಕ್ಕೆಗೆ ವಿಮಾನವನ್ನು ಎತ್ತಿ ಹಿಡೀಲಿಕ್ಕೆ ಆಗದ) ಸ್ಪೀಡು 1.4 ಪಟ್ಟು ಆಗ್ತದೆ, ಹೆದರಿಕೆಯಲ್ಲಿ ಎಳೆದವ ಅಲ್ಲೇ ಬೀಳುದು.

ಇನ್ನು ಎತ್ತರ. ಲಾರಮಿ ಏರ್‌ಪೋರ್ಟೇ 7,284 ಅಡಿ ಎತ್ತರದಲ್ಲಿ ಉಂಟು, ನಮ್ಮ ಕುದುರೆಮುಖದ ತುದಿಗಿಂತ ಸಾವಿರ ಅಡಿ ಮೇಲೆ ಅಲ್ಲಿಯ ರನ್‌ವೇ! ಅಲ್ಲಿಂದ ಪಶ್ಚಿಮಕ್ಕೆ ಹೈವೇ ಪಕ್ಕದಲ್ಲೇ ಎಲ್ಕ್ ಮೌಂಟನ್, 11,156 ಅಡಿ. ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಹೆಚ್ಚುಕಮ್ಮಿ ಶೇಕಡ 3 ಶಕ್ತಿ ಕಳ್ಕೊಳ್ತದೆ. 9-10 ಸಾವಿರ ಅಡಿಯಲ್ಲಿ 172 ನಿಮಿಷಕ್ಕೆ 300 ಅಡಿ ಹತ್ತಿದ್ರೆ ದೊಡ್ಡದು. ಬೆಟ್ಟದ ಆಚೆ ಬದಿಯಲ್ಲಿ ಗಾಳಿ ಕೆಳಗೆ ಇಳಿಯುವಾಗ ನಿಮಿಷಕ್ಕೆ ಸಾವಿರ ಅಡಿಗಿಂತ ಜಾಸ್ತಿ ವೇಗದಲ್ಲಿ ಕೆಳಗೆ ತಳ್ಳುದುಂಟು. ಲೆಕ್ಕ ನೀವೇ ಹಾಕಿ. ಸ್ಟೀವ್ ಫಾಸೆಟ್ ಗೊತ್ತಲ್ಲ, ಬಲೂನಲ್ಲಿ ಒಬ್ಬನೇ ಭೂಮಿ ಸುತ್ತಿದವ, 2007ರ ಸೆಪ್ಟೆಂಬರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟದಲ್ಲಿ ಹೋದದ್ದು ಹಾಗೇ. ಕೆಳಗೆ ಇಳಿಯುವ ಗಾಳಿ ವಿಮಾನದ ಹತ್ತುವ ತಾಕತ್ತಿಗಿಂತ ಜಾಸ್ತಿ ಇತ್ತು ಅಂತ ರಿಪೋರ್ಟಲ್ಲಿ ಬಂತು. ಅವರ ವಿಮಾನ ಸಿಕ್ಕಿದ್ದೇ ಮರುವರ್ಷ. ಅಷ್ಟು ಅನುಭವ ಇದ್ದವರ ಕತೆಯೇ ಹೀಗೆ.

ಹಾಗಾಗಿ ನಿಮ್ಮ ಅಕ್ಕನ ಮಗ ತಿರುಗಿಸಿದ್ದು ಸರಿ ಅಲ್ಲ, ಭಾರೀ ಸರಿ. ನನ್ನ ತಕರಾರು ಬೇರೆ, ಹೊರಡ್ಲೇಬಾರದಿತ್ತು ಅವ.

ಮಲ್ಪೆಕರೆ · 10:05

ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲವಂತೆ, ಮಾಡ್ಲಿಕ್ಕೆ ಉಂಟು ಅಂತ ಹೇಳ್ತಾ ಇದ್ದ. ಹೊರಡುವಾಗ ಡೆನ್ವರಲ್ಲಿ ಬಿಸಿಲು ಇತ್ತಂತೆ ಮಾರ್ರೆ, ಹವಾಮಾನ ನೋಡಿಯೇ ಹೊರಟದ್ದು, ರಾತ್ರಿ ಮೇಲೆ ಹಾಳಾಗ್ತದೆ ಅಂತ ಇತ್ತಂತೆ, ಅದಕ್ಕೆ ಮುಂಚೆ ಮುಟ್ಟುವ ಅಂತ.

ಬಜ್ಪೆ_ಗುಡ್ಡೆ · 10:14

"ಅದಕ್ಕೆ ಮುಂಚೆ ಮುಟ್ಟುವ" ಅಂತ ಬರೆದ್ರಲ್ಲ, ಅದೇ ವ್ಯೋಮಿಂಗಲ್ಲಿ, ಲಾರಮಿಗೆ ಪಕ್ಕದ ಷೈಯೆನ್ ಊರಲ್ಲಿ, ಇದೇ ಏಪ್ರಿಲ್ ತಿಂಗಳಲ್ಲಿ ಆದ ಒಂದು ಕೇಸ್ ಉಂಟು. 1996 ಏಪ್ರಿಲ್ 11. ಜೆಸಿಕಾ ಡುಬ್ರಾಫ್ ಅಂತ ಏಳು ವರ್ಷದ ಹುಡುಗಿ, ಅಮೆರಿಕ ಪೂರಾ ವಿಮಾನದಲ್ಲಿ ದಾಟಿದ ಅತಿ ಸಣ್ಣ ಪೈಲಟ್ ಅಂತ ಹೆಸರು ಮಾಡ್ಲಿಕ್ಕೆ ಹೊರಟದ್ದು, ಜತೆಗೆ ಅಪ್ಪ, ಮತ್ತೆ ನಿಜವಾದ ಪೈಲಟ್ ಅಂದ್ರೆ ಇನ್‌ಸ್ಟ್ರಕ್ಟರ್. ಹಿಂದಿನ ದಿನ ಕ್ಯಾಲಿಫೋರ್ನಿಯಾದಿಂದ ಬೆಟ್ಟ ದಾಟಿ ಷೈಯೆನ್‌ವರೆಗೆ ಬಂದು ಇನ್‌ಸ್ಟ್ರಕ್ಟರ್ ಸುಸ್ತು. ಮರುದಿನ ಬೆಳಿಗ್ಗೆ ಮಳೆ, ಗುಡುಗು ಹತ್ರ ಬರ್ತಾ ಉಂಟು. ಲೋಕಲ್ ರೇಡಿಯೋದವರು ಫೋನಲ್ಲಿ ಮಾತಾಡುವಾಗ ಇವತ್ತು ಇಲ್ಲೇ ಉಳೀರಿ ಅಂತ ಹೇಳಿದ್ರು, ಅಪ್ಪ ಹೇಳಿದ್ದು, ಇಲ್ಲ, ಮಳೆಗೆ ಮುಂಚೆ ಹೋಗ್ತೇವೆ ಅಂತ. ವಿಮಾನದಲ್ಲಿ ತೂಕ ಜಾಸ್ತಿ, ಊರು ಆರು ಸಾವಿರ ಅಡಿ ಎತ್ತರ, ಗಾಳಿ ಮಳೆ. ಹಾರಿದ ಕೂಡ್ಲೇ ಸ್ಟಾಲ್ ಆಗಿ ಮನೆಗಳ ಮಧ್ಯೆ ಬಿತ್ತು. ಮೂವರೂ ಹೋದ್ರು.

ತನಿಖೆಯವರು ಬರೆದದ್ದು ಎಂತ ಗೊತ್ತುಂಟಾ, ಮೈಮೇಲೆ ಎಳಕೊಂಡ ಅತಿಯಾದ ವೇಳಾಪಟ್ಟಿ, ಅದಕ್ಕೆ ಒಂದು ಕಾರಣ ಟಿವಿ-ಪೇಪರಿನವರಿಗೆ ಕೊಟ್ಟ ಮಾತು. ಅಂದ್ರೆ ಮುಂದಿನ ಊರಲ್ಲಿ ಕಾಯ್ತಾ ಇರುವ ಜನ.

ಕಾಪು_ಅಕ್ಕ · 10:22

ಅಯ್ಯೋ ಏಳು ವರ್ಷದ ಮಗುವಾ. ಯಾರಿಗೆ ಬೇಕಿತ್ತು ಆ ರೆಕಾರ್ಡ್.

ಘಟ್ಟದ_ಸ್ಟೇರಿಂಗ್ · 11:31

ನಾನು ವಿಮಾನ ಹತ್ತಿದ್ದೇ ಇಲ್ಲ, ರಾತ್ರಿ ಬಸ್ ಬಿಡುವವ. ಮಂಗಳೂರಿಂದ ಚಾರ್ಮಾಡಿ ಮೇಲೆ, ಶಿರಾಡಿ ಮೇಲೆ, ಎರಡೂ ರೂಟು. ಈ ನಿದ್ದೆ ಮತ್ತು ಮಂಜು ಎರಡೂ ಒಟ್ಟಿಗೆ ಬಂದ್ರೆ ಎಂತ ಅಂತ ನನಗೆ ಗೊತ್ತು.

ನಿದ್ದೆ ಬಂದ ಡ್ರೈವರ್ ನಿದ್ದೆ ಬಂತು ಅಂತ ಯಾವತ್ತೂ ಹೇಳುದಿಲ್ಲ. ಗ್ಲಾಸ್ ಸ್ವಲ್ಪ ಕೆಳಗೆ ಮಾಡ್ತಾನೆ, ಪದ್ಯ ಜೋರು ಮಾಡ್ತಾನೆ, ಕಂಡಕ್ಟರ್ ಹತ್ರ ಸಂಬಂಧ ಇಲ್ಲದ ಮಾತು ತೆಗೀತಾನೆ. ಪಕ್ಕದಲ್ಲಿ ಕೂತವನಿಗೆ ಗೊತ್ತಾಗ್ತದೆ, ಅವನಿಗೆ ಗೊತ್ತಾಗುದಿಲ್ಲ. ಗೇರ್ ಬದಲಾಯಿಸುದು ಅರ್ಧ ಸೆಕೆಂಡ್ ಲೇಟ್ ಆಗ್ತದೆ, ತಿರುವಿಗೆ ಬಂದ ಮೇಲೆ ಬ್ರೇಕ್. ಕೇಳಿದ್ರೆ "ನಾನು ಸರಿ ಇದ್ದೇನೆ" ಅಂತ ಬಯ್ತಾನೆ.

ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಮಂಜು ಬಂದ್ರೆ ಬಾನೆಟ್ ಮುಂದೆ ಬರೀ ಬಿಳಿ, ಹೈಬೀಮ್ ಹಾಕಿದ್ರೆ ಇನ್ನೂ ಬಿಳಿ. ಆಗ ನಾವು ರಸ್ತೆ ಅಂಚಿನ ಬಿಳಿ ಪಟ್ಟಿ ನೋಡ್ಕೊಂಡು ಫಸ್ಟ್ ಗೇರಲ್ಲಿ ಹೋಗುದು, ಅದೂ ಕಾಣದಿದ್ರೆ ಸೈಡಿಗೆ ಹಾಕಿ ಇಂಡಿಕೇಟರ್ ಹಾಕಿ ಕೂತ್ಕೊಳ್ಳುದು. ನನಗೆ ಸೈಡ್ ಉಂಟು. ಆ ಹುಡುಗನಿಗೆ ಸೈಡ್ ಎಲ್ಲಿ ಉಂಟು ಹೇಳಿ. ಹಿಂದೆ ತಿರುಗಿದ್ದೇ ಅವನ ಸೈಡ್. ನಿಮ್ಮ ಭಾವನಿಗೆ ಹೇಳಿ, ಆಗಸ್ಟಲ್ಲಿ ಒಮ್ಮೆ ನನ್ನ ಬಸ್ಸಲ್ಲಿ ಮುಂದಿನ ಸೀಟಲ್ಲಿ ಕೂತು ಬರ್ಲಿ, ಟಿಕೆಟ್ ನಾನೇ ಕೊಡ್ತೇನೆ.

ಪಂಪ್‌ವೆಲ್_ಜಾಮ್ · 11:40

ಬಸ್ಸಿಗೆ ಆಟೋಪೈಲಟ್ ಇಲ್ಲ ಅಣ್ಣ, ವಿಮಾನಕ್ಕೆ ಉಂಟು. ಯಾರೂ ಇದಕ್ಕೆ ಉತ್ತರ ಕೊಡ್ತಾ ಇಲ್ಲ.

ಸುರತ್ಕಲ್_172 · 11:52

ಬಾಡಿಗೆಯ ಹಳೇ 172ರಲ್ಲಿ ಎಷ್ಟೋ ಕಡೆ ಆಟೋಪೈಲಟ್ ಇರುದೇ ಇಲ್ಲ. ಇದ್ರೂ ಅದು ನೀವು ಹೇಳಿದ ಕಡೆ ಹೋಗ್ತದೆ, ಹೋಗ್ಬಾರದ ಕಡೆ ಹೋಗ್ಬೇಡ ಅಂತ ಹೇಳುದಿಲ್ಲ. ರೆಕ್ಕೆ ಮೇಲೆ ಹಿಮ ಕಟ್ಟಿದ್ರೆ ಅದಕ್ಕೆ ಗೊತ್ತಾಗುದಿಲ್ಲ. ಈ ಸಣ್ಣ ವಿಮಾನದಲ್ಲಿ ರೆಕ್ಕೆಯ ಐಸ್ ತೆಗೆಯುವ ವ್ಯವಸ್ಥೆಯೇ ಇಲ್ಲ, ಮೋಡದೊಳಗೆ ಸೊನ್ನೆ ಡಿಗ್ರಿ ಆಸುಪಾಸಲ್ಲಿ ಹೋದ್ರೆ ಐಸ್ ಕಟ್ಟಿ ತೂಕ ಹೆಚ್ಚಾಗಿ ರೆಕ್ಕೆಯ ಆಕಾರವೇ ಹಾಳಾಗ್ತದೆ.

ಮತ್ತೆ ಆಟೋಪೈಲಟ್, ಅನುಭವ ಎಲ್ಲ ಇದ್ದ ಕೇಸ್ ಬೇಕಾ? ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಹೆಲಿಕಾಪ್ಟರ್, 2020 ಜನವರಿ 26, ಒಂಬತ್ತು ಜನ ಹೋದ್ರು. ಪೈಲಟಿಗೆ 8,000 ಗಂಟೆಗಿಂತ ಜಾಸ್ತಿ ಅನುಭವ, ಇನ್‌ಸ್ಟ್ರುಮೆಂಟ್ ರೇಟಿಂಗ್ ಕೂಡ ಇತ್ತು. ಗುಡ್ಡದ ಹತ್ರ ಮೋಡಕ್ಕೆ ಹೊಕ್ಕಿ, ಮೇಲೆ ಹತ್ತುತ್ತಾ ಇದ್ದೇನೆ ಅಂತ ನೆಲದ ಕಂಟ್ರೋಲ್ ರೂಮಿಗೆ ಹೇಳಿದ. ನಿಜವಾಗಿ ಎಡಕ್ಕೆ ವಾಲಿ ಕೆಳಗೆ ಹೋಗ್ತಾ ಇದ್ದ. ಸುಳ್ಳು ಹೇಳಿದ್ದಲ್ಲ, ಅವನಿಗೆ ಹಾಗೇ ಅನ್ನಿಸ್ತಾ ಇದ್ದದ್ದು.

ಮಣಿಪಾಲ_ಕಿವಿಮೂಗು · ಸೋಮವಾರ ಬೆಳಿಗ್ಗೆ 7:05

ಡ್ಯೂಟಿ ಮುಗಿಸಿ ಈಗ ಓದಿದೆ. "ಅವನಿಗೆ ಹಾಗೇ ಅನ್ನಿಸ್ತಾ ಇದ್ದದ್ದು" ಅಂದ್ರಲ್ಲ, ಅದು ನಮ್ಮ ಡಿಪಾರ್ಟ್‌ಮೆಂಟ್.

ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳ ಉಂಟು, ಒಳಗೆ ದ್ರವ. ತಲೆ ತಿರುಗಿದಾಗ ನಾಳ ತಿರುಗ್ತದೆ, ದ್ರವ ಸ್ವಲ್ಪ ಹಿಂದೆ ಉಳೀತದೆ, ಆ ವ್ಯತ್ಯಾಸದಿಂದ ಮೆದುಳಿಗೆ ತಿರುಗ್ತಾ ಇದ್ದೇನೆ ಅಂತ ಗೊತ್ತಾಗುದು. ಆದ್ರೆ ಒಂದೇ ಸಮ ತಿರುಗ್ತಾ ಇದ್ರೆ 10-20 ಸೆಕೆಂಡಲ್ಲಿ ದ್ರವ ಕೂಡ ನಾಳದ ವೇಗಕ್ಕೆ ಬಂದು ಬಿಡ್ತದೆ, ಆಗ ಮೆದುಳಿಗೆ ನೇರ ಹೋಗ್ತಾ ಇದ್ದ ಹಾಗೆ ಅನ್ನಿಸುದು. ಹೊರಗೆ ಕಣ್ಣಿಗೆ ಏನಾದ್ರೂ ಕಾಣ್ತಾ ಇದ್ರೆ ಕಣ್ಣು ಕಿವಿಯನ್ನು ತಿದ್ದುತ್ತದೆ. ಮೋಡದಲ್ಲಿ ತಿದ್ದುವವರು ಇಲ್ಲ. ವಿಮಾನ ವಾಲಿ ಸುತ್ತು ಹಾಕ್ತಾ ಇಳೀತಾ ಇರ್ತದೆ, ಪೈಲಟಿಗೆ ನೇರ ಇದ್ದ ಹಾಗೆ. ಎತ್ತರ ಕಮ್ಮಿ ಆಗುದು ನೋಡಿ ಕಂಟ್ರೋಲ್ ಹಿಂದಕ್ಕೆ ಎಳೀತಾನೆ, ವಾಲಿದ ಸ್ಥಿತಿಯಲ್ಲಿ ಎಳೆದಷ್ಟು ಸುತ್ತು ಬಿಗಿ ಆಗುದು. ಇನ್ನು ಸರಿ ಮಾಡಿ ನೇರ ತಂದ್ರೆ ಕಿವಿ ಹೇಳ್ತದೆ ಈಗ ಆಚೆ ಬದಿಗೆ ವಾಲಿದ್ದೀಯ ಅಂತ, ಅವ ಪುನಃ ಮೊದಲಿನ ಬದಿಗೇ ವಾಲಿಸ್ತಾನೆ.

ನಿದ್ದೆ ವಿಷಯಕ್ಕೆ ಬಂದ್ರೆ, 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ಅವರ ಒಂದು ಅಧ್ಯಯನ ಬಂದಿತ್ತು, ಈಗಲೂ ಎಲ್ಲರೂ ಹೇಳುದು ಅದನ್ನೇ. 17 ಗಂಟೆ ಎಚ್ಚರ ಇದ್ದವನ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡ 0.05 ಆಲ್ಕೋಹಾಲ್ ಇದ್ದವನ ಮಟ್ಟಕ್ಕೆ ಇಳೀತದೆ, 24 ಗಂಟೆ ಆದ್ರೆ ಸುಮಾರು 0.10. ನಮ್ಮಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 0.03. ಅಂದ್ರೆ ಬೆಳಿಗ್ಗೆ ಆರಕ್ಕೆ ಎದ್ದವ ರಾತ್ರಿ ಹನ್ನೊಂದಕ್ಕೆ ಸ್ಟೇರಿಂಗ್ ಹಿಡಿದ್ರೆ, ಒಂದು ತೊಟ್ಟು ಕುಡಿಯದೆ ಪೊಲೀಸರ ಮಿತಿ ದಾಟಿದ ಮಟ್ಟದಲ್ಲಿ ಇರ್ತಾನೆ. ಪೊಲೀಸರ ಮಿಷನಿಗೆ ಊದಿದ್ರೆ ಮಾತ್ರ ಏನೂ ಬರುದಿಲ್ಲ. ಬಸ್ ಅಣ್ಣ ಹೇಳಿದ್ದು ಪೂರಾ ಸತ್ಯ, ನಿದ್ದೆ ಕೆಟ್ಟಾಗ ಮೊದಲು ಹೋಗುದರಲ್ಲಿ ಒಂದು, ನನಗೆ ನಿದ್ದೆ ಕೆಟ್ಟಿದೆ ಅಂತ ಅಳೆಯುವ ಶಕ್ತಿ.

ಸುರತ್ಕಲ್_172 · 7:48

ಡಾಕ್ಟ್ರೇ ಥ್ಯಾಂಕ್ಸ್. ಇದರ ಮೇಲೆ 1954ರ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗ ಒಂದುಂಟು, ಫ್ಲೈಯಿಂಗ್ ಸ್ಕೂಲಲ್ಲಿ ಎಲ್ಲರಿಗೂ ಹೇಳಿ ಹೆದರಿಸುದು. ಮೋಡದ ತರಬೇತಿ ಇಲ್ಲದ 20 ಜನರನ್ನು ಹೊರಗೆ ಏನೂ ಕಾಣದ ಹಾಗೆ ಮಾಡಿ ಹಾರಿಸಿದ್ರು. ಇಪ್ಪತ್ತಕ್ಕೆ ಇಪ್ಪತ್ತೂ ಕಂಟ್ರೋಲ್ ಕಳ್ಕೊಂಡ್ರು, ಸರಾಸರಿ 178 ಸೆಕೆಂಡ್. ಒಬ್ಬ 20 ಸೆಕೆಂಡಿಗೇ. ಅದರಲ್ಲಿ 19 ಜನ ಸಿಕ್ಕಿಬಿದ್ದದ್ದು, ಇಲ್ಲಿ ಡಾಕ್ಟ್ರು ಹೇಳಿದ ಆ ಸುತ್ತುವ ಇಳಿತದಲ್ಲೇ.

ಆದ್ರೆ ಹೆದರಿಸುವವರು ಒಂದು ಬಿಟ್ಟು ಹೇಳ್ತಾರೆ. ಆ ಪ್ರಯೋಗ ಮಾಡಿದ್ದೇ ಒಂದು ಸುಲಭ ಯು-ಟರ್ನ್ ಕಲಿಸ್ಲಿಕ್ಕೆ ಆಗ್ತದಾ ನೋಡ್ಲಿಕ್ಕೆ. ಮೀಟರ್ ಮಾತ್ರ ನಂಬಿ, ಮೆಲ್ಲ ವಾಲಿಸಿ, ಬಂದ ದಾರಿಗೆ ತಿರುಗುದು. ಕಲಿಸಿದ ಮೇಲೆ ಹೆಚ್ಚಿನವರು ಮಾಡಿ ತೋರಿಸಿದ್ರು. ಸೆಕೆಂಡಿಗೆ 3 ಡಿಗ್ರಿ ತಿರುಗಿಸಿದ್ರೆ ಪೂರಾ ಹಿಂದೆ ಮುಖ ಮಾಡ್ಲಿಕ್ಕೆ ಒಂದು ನಿಮಿಷ. ನಿಮ್ಮ ಹುಡುಗ ಮೋಡಕ್ಕೆ ಹೋಗುವ ಮೊದಲೇ ಅದನ್ನು ಮಾಡಿದ.

ಹೆಬ್ರಿ_ಮಳೆಮಾಪಕ · 8:30

ಯಾರೂ ನಮ್ಮ ಘಟ್ಟದ ಬಗ್ಗೆ ಹೇಳ್ಲಿಲ್ಲ ಅಂತ ಬರೀತಾ ಇದ್ದೇನೆ. ಅಮೆರಿಕವೇ ಬೇಕು ಅಂತಿಲ್ಲ. ಸಣ್ಣ ವಿಮಾನದಲ್ಲಿ ಬೆಂಗಳೂರಿಂದ ಮಂಗಳೂರಿಗೆ ಜೂನಲ್ಲಿ ಬರ್ತೀರಿ ಅಂತ ಇಟ್ಕೊಳ್ಳಿ. ಹಾಸನದವರೆಗೆ ಎಂಥ ಚಂದದ ಆಕಾಶ. ಮಲೆನಾಡು ಬರ್ತಾ ಬರ್ತಾ ನೆಲ ಮೆಲ್ಲ ಮೇಲೆ ಬರ್ತದೆ, ಮೋಡದ ತಳ ಮೆಲ್ಲ ಕೆಳಗೆ ಬರ್ತದೆ, ಎರಡೂ ಎಷ್ಟು ನಿಧಾನ ಅಂದ್ರೆ ಯಾವ ಜಾಗದಲ್ಲೂ "ಈಗ ಹಾಳಾಯ್ತು" ಅಂತ ಅನ್ನಿಸುದಿಲ್ಲ. ಸಮುದ್ರದಿಂದ ಬಂದ ಹಸಿ ಗಾಳಿ ಘಟ್ಟಕ್ಕೆ ಬಡಿದು ಮೇಲೆ ಹತ್ತಿ ತಂಪಾಗಿ ಮೋಡ ಆಗುದು, ಅದಕ್ಕೇ ಅಲ್ವಾ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ. ಆ ಮೋಡ ಬೆಟ್ಟದ ತಲೆ ಮೇಲೆ ಇರುದಲ್ಲ, ಬೆಟ್ಟದ ಸೊಂಟದಲ್ಲಿ ಇರುದು. ಕುದುರೆಮುಖ ಸುಮಾರು 1,890 ಮೀಟರ್, ಮಳೆಗಾಲದಲ್ಲಿ ನಮ್ಮ ಅಂಗಳದಿಂದ ನೋಡಿದ್ರೆ ಘಟ್ಟ ಅಂತ ಒಂದು ಉಂಟು ಅಂತಲೇ ಗೊತ್ತಾಗುದಿಲ್ಲ ವಾರಗಟ್ಟಲೆ.

2021 ಡಿಸೆಂಬರ್ 8, ಜನರಲ್ ಬಿಪಿನ್ ರಾವತ್ ಅವರ ಹೆಲಿಕಾಪ್ಟರ್ ಕೂನೂರಲ್ಲಿ ಬಿದ್ದದ್ದು ನೆನಪುಂಟಲ್ಲ, ಅದೂ ನೀಲಗಿರಿ. ವಾಯುಪಡೆ ತನಿಖೆಯಲ್ಲಿ ಬಂದದ್ದು, ಕಣಿವೆಯಲ್ಲಿ ಹವೆ ದಿಢೀರ್ ಬದಲಾಗಿ ಮೋಡಕ್ಕೆ ಹೊಕ್ಕಿ, ಪೈಲಟಿಗೆ ದಿಕ್ಕು ತಪ್ಪಿ, ನೆಲಕ್ಕೆ ಬಡಿದದ್ದು ಅಂತ. ವಾಯುಪಡೆಯ ಪೈಲಟ್ ಮಾರ್ರೆ, ರಜೆಯಲ್ಲಿ ಹಾರಿಸುವವರಲ್ಲ.

ಬಜ್ಪೆ_ಗುಡ್ಡೆ · 9:15

ಸುಸ್ತಿನ ವಿಷಯ ಬಂದಾಗ ನಮ್ಮ ಊರಲ್ಲೇ ಆದದ್ದು ಬಿಟ್ಟು ಹೇಗೆ ಹೋಗುದು. 2010 ಮೇ 22, ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ. 158 ಜನ ಹೋದ್ರು, ಎಂಟು ಜನ ಉಳಿದ್ರು. ಎಷ್ಟೋ ಜನ ಈಗಲೂ ಮಳೆಗೆ ಜಾರಿದ್ದು ಅಂತ ಹೇಳ್ತಾರೆ. ಅವತ್ತು ಮಳೆ ಇರ್ಲೇ ಇಲ್ಲ, ಬೆಳಿಗ್ಗೆ ಆರು ಗಂಟೆ, ಗಾಳಿ ಇಲ್ಲ, ರನ್‌ವೇ ಕಾಣ್ತಾ ಇತ್ತು. ವಾಯ್ಸ್ ರೆಕಾರ್ಡರಲ್ಲಿ ಕ್ಯಾಪ್ಟನ್ ಗೊರಕೆ ಹೊಡೆದ ಶಬ್ದ ಬಂದಿತ್ತು, ಗಂಟೆಗಿಂತ ಜಾಸ್ತಿ ಹೊತ್ತು ಮಲಗಿದ್ದರು. ಎದ್ದ ಮೇಲೆ ಆ ಮಂಪರು ಪೂರಾ ಬಿಡದೆ ಎತ್ತರದಿಂದ ತಪ್ಪಾಗಿ ಇಳಿಸ್ಲಿಕ್ಕೆ ಹೋದ್ರು. ಪಕ್ಕದ ಫಸ್ಟ್ ಆಫೀಸರ್ ಮೂರು ಸಲ ಹೇಳಿದ್ರು, ಇಳಿಸುದು ಬೇಡ, ಮೇಲೆ ಹೋಗುವ ಅಂತ. 2,450 ಮೀಟರ್ ರನ್‌ವೇಯಲ್ಲಿ ಅರ್ಧಕ್ಕಿಂತ ಆಚೆ ಚಕ್ರ ನೆಲಕ್ಕೆ ತಾಗಿದ್ದು. ಆಮೇಲೆ ಉಂಟಲ್ಲ, ರನ್‌ವೇ ಆಚೆ ಕೆಂಜಾರಿನ ಆ ಕಣಿವೆ.

ಆ ಕ್ಯಾಪ್ಟನ್‌ಗೆ 10,000 ಗಂಟೆಗಿಂತ ಜಾಸ್ತಿ ಅನುಭವ. ಪಕ್ಕದಲ್ಲಿ ಹೇಳುವವರೂ ಇದ್ರು. ಸೆಸ್ನಾದಲ್ಲಿ ಪಕ್ಕದ ಸೀಟು ಖಾಲಿ.

ಕೊಟ್ಟಾರ_ಚೌಕಿ · 9:31

ಆ ದಿನ ನಾವು ವೆನ್ಲಾಕ್ ಆಸ್ಪತ್ರೆಗೆ ಹೋಗಿದ್ದೆವು. ಬೇಡ ಆ ಸುದ್ದಿ.

ಧಾರವಾಡ_ಟು_ಮಣಿಪಾಲ · 9:50

ಎಲ್ಲಾ ಓದಿದೆ, ಆದ್ರ ಒಂದ್ ತಿಳೀಲಿಲ್ಲ ನೋಡ್ರಿ. ಎಲ್ಲಾರೂ ಹುಡುಗ ಶ್ಯಾಣ್ಯಾ ಅಂತೀರಿ, ಆದ್ರ ಸುಸ್ತಾದವಗ ತನ್ನ ಸುಸ್ತು ತಿಳಿಯೂದಿಲ್ಲ ಅಂತಾನೂ ಅಂತೀರಿ. ಹಂಗಾದ್ರ ಈ ಹುಡುಗಗ ಹೆಂಗ ತಿಳೀತು? ಅದನ್ನ ಕೇಳ್ರಿ ಅವಗ.

ಸುರತ್ಕಲ್_172 · 9:55

ಇದು ಒಳ್ಳೆ ಪ್ರಶ್ನೆ.

ಮಲ್ಪೆಕರೆ · ಸೋಮವಾರ ರಾತ್ರಿ 8:40

ಧಾರವಾಡದವರ ಪ್ರಶ್ನೆ ಅವನಿಗೆ ಹಾಗೇ ಕಳಿಸಿದೆ, ಅವ ಈಗ ಫೋನ್ ಮಾಡಿ ಪೂರಾ ಹೇಳಿದ. ನೆನಪಿದ್ದಷ್ಟು ಬರೀತೇನೆ.

ಲಾರಮಿ ಹತ್ರ ಬಂದಾಗ ರೇಡಿಯೋದಲ್ಲಿ ಅಲ್ಲಿಯ ಹವಾಮಾನದ ರೆಕಾರ್ಡಿಂಗ್ ಕೇಳಿದನಂತೆ, ಮಿಷನ್ ಹೇಳ್ತಾ ಇರುದು, ಗಾಳಿ ಇಷ್ಟು, ಮೋಡ ಇಷ್ಟು ಎತ್ತರ ಅಂತ. ಕೇಳಿದ, ತೊಡೆ ಮೇಲಿನ ಪ್ಯಾಡಲ್ಲಿ ಬರೆದ. ಸ್ವಲ್ಪ ಹೊತ್ತಾದ ಮೇಲೆ ಮೋಡದ ಎತ್ತರ ಎಷ್ಟು ಅಂತ ನೆನಪಿಲ್ಲ, ಪುನಃ ಕೇಳಿದ. ಪುನಃ ಬರೀಲಿಕ್ಕೆ ಹೋದಾಗ ನೋಡ್ತಾನೆ, ಪ್ಯಾಡಲ್ಲಿ ಅದೇ ನಂಬರ್ ಮೊದಲೇ ಎರಡು ಸಲ ಬರೆದುಂಟು. ಒಂದರಲ್ಲಿ ಅಂಕೆ ಹಿಂದೆ ಮುಂದೆ. ಎರಡನೇ ಸಲ ಬರೆದದ್ದು ಅವನಿಗೆ ನೆನಪೇ ಇಲ್ಲ. ಆಗ ಹೊಟ್ಟೆಯಲ್ಲಿ ತಣ್ಣಗೆ ಆಯ್ತು ಅಂತ ಹೇಳಿದ. ಸುಸ್ತು ಅಂತ ಅನ್ನಿಸ್ತಾ ಇರ್ಲಿಲ್ಲವಂತೆ, ತಾನು ಆರಾಮ ಇದ್ದೇನೆ ಅಂತಲೇ ಅನ್ನಿಸ್ತಾ ಇದ್ದದ್ದು, ಆದ್ರೆ ಆ ಪೇಪರ್ ಬೇರೆ ಹೇಳ್ತಾ ಉಂಟು.

ಹಾಗಿದ್ರೂ ಕೂಡ್ಲೇ ತಿರುಗಿಸ್ಲಿಲ್ಲ ಅಂತೆ. ಹೈವೇ ಕಾಣ್ತಾ ಉಂಟಲ್ಲ, ಕತ್ತಲಾಗ್ತಾ ಬಂದಿತ್ತು, ಲಾರಿಗಳ ಲೈಟ್ ಸಾಲಾಗಿ ಕಾಣ್ತಾ ಇತ್ತು, ಸ್ವಲ್ಪ ಮುಂದೆ ಹೋಗಿ ನೋಡುವ ಅಂತ. ಮತ್ತೆ ಎದುರಿನ ಸಾಲಲ್ಲಿ ದೂರದ ಲೈಟ್ ಒಂದೊಂದೇ ಮಾಯ ಆಗ್ಲಿಕ್ಕೆ ಶುರು. ಲಾರಿ ನಿಂತದ್ದಲ್ಲ, ಹಿಮ ಅಡ್ಡ ಬಂದದ್ದು. ಅವನ ಇನ್‌ಸ್ಟ್ರಕ್ಟರ್ ಮೊದಲೇ ಹೇಳಿ ಬರೆಸಿದ್ದರಂತೆ, ನೆಲದಿಂದ ಇಷ್ಟು ಅಡಿಗಿಂತ ಕೆಳಗೆ ಇಳಿಯುವ ಪರಿಸ್ಥಿತಿ ಬಂದ್ರೆ ಯೋಚನೆ ಮಾಡ್ಲಿಕ್ಕೆ ಇಲ್ಲ, ಎಡಕ್ಕೆ ತಿರುಗು ಅಂತ. ಆ ನಂಬರ್ ಕೂಡ ಅದೇ ಪ್ಯಾಡಲ್ಲಿ ಮೇಲೆ ದೊಡ್ಡಕ್ಕೆ ಬರೆದಿತ್ತು. ನೋಡಿದ, ಅದಕ್ಕೆ ಮುಟ್ಟಿ ಆಗಿತ್ತು, ತಿರುಗಿಸಿದ.

ಸುರತ್ಕಲ್_172 · 8:55

ಅಲ್ಲೇ ಉಂಟು ಉತ್ತರ. ಮೇಲೆ ಹೋದ ಮೇಲೆ ಯೋಚನೆ ಮಾಡುದು ಸುಸ್ತಾದ ಮಂಡೆ, ಕೆಳಗೆ ಬೆಳಕಲ್ಲಿ ಕೂತು ಆ ನಂಬರ್ ಬರೆದದ್ದು ಸರಿ ಇದ್ದ ಮಂಡೆ. ಬೆಟ್ಟದಲ್ಲಿ ಹಾರುವವರು ಎಲ್ಲ ಹೀಗೇ ಮಾಡುದು. ಶಿಖರದ ಸಾಲು ದಾಟುವಾಗ ನೇರ ಎದುರಿಗೆ ಹೋಗುದಿಲ್ಲ, 45 ಡಿಗ್ರಿ ಓರೆಯಲ್ಲಿ ಹೋಗುದು, ಕೆಳಗೆ ತಳ್ಳಿದ್ರೆ ಸ್ವಲ್ಪ ತಿರುಗಿದ್ರೆ ಸಾಕು ತಪ್ಪಿಸಿಕೊಳ್ಳಬಹುದು. ಮೇಲಿನ ಗಾಳಿ 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ದಾಟಿದ್ರೆ ಸಣ್ಣ ವಿಮಾನ ಬೆಟ್ಟಕ್ಕೆ ತರುದೇ ಬೇಡ ಅಂತ ಒಂದು ಲೆಕ್ಕ. ಇದೆಲ್ಲ ಅಲ್ಲಿ ಹೋಗಿ ಯೋಚನೆ ಮಾಡುವ ವಿಷಯ ಅಲ್ಲ.

ಹೊರಡ್ಲೇಬಾರದಿತ್ತು ಅಂತ ಮಾತ್ರ ನಾನು ಈಗಲೂ ಹೇಳುದೇ. ವಾರ ಪೂರಾ ನಿದ್ದೆ ಇಲ್ಲದವ.

ಪಂಪ್‌ವೆಲ್_ಜಾಮ್ · 9:02

ಸರಿ, ಮೋಡದ್ದು ಒಪ್ಪಿದೆ. ಆದ್ರೆ ಹೊರಡ್ಬಾರದು ಅಂತ ಹೇಳುದು ಸುಲಭ. ತಂಗಿ ಮನೆ ಒಕ್ಕಲು, ಅಣ್ಣ ಇಲ್ಲದಿದ್ರೆ ಹೇಗೆ ಅಂತ ಮನೆಯವರು ಎಲ್ಲ ಕೂತು ಕೇಳುವಾಗ ಯಾರು ಬರುದಿಲ್ಲ ಅಂತ ಹೇಳ್ತಾರೆ?

ಬಜ್ಪೆ_ಗುಡ್ಡೆ · 9:10

ಈಗ ಸರಿಯಾದ ಜಾಗಕ್ಕೆ ಬಂದ್ರಿ ನೀವು. ಕೋಬಿ ಬ್ರಯಂಟ್ ಕೇಸಲ್ಲಿ ತನಿಖೆಯವರು ಇದನ್ನೂ ಬರೆದಿದ್ದಾರೆ, ಗಿರಾಕಿಯನ್ನು ಮುಟ್ಟಿಸ್ಬೇಕು ಅಂತ ಪೈಲಟ್ ತಾನೇ ತನ್ನ ಮೇಲೆ ಹಾಕಿಕೊಂಡ ಒತ್ತಡ, ಹಿಡಿದ ಪ್ಲಾನ್ ಬಿಡ್ಲಿಕ್ಕೆ ಆಗದ ಮನಸ್ಸು. ಗಿರಾಕಿ ಹೋಗ್ಲೇಬೇಕು ಅಂತ ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ಯಾರೂ ಹೇಳದೆಯೇ ಅಷ್ಟು. ನಮ್ಮಲ್ಲಿ ಹೇಳಿ ಹೇಳಿ ಹಾಕುದು.

ಮಲ್ಪೆಯವರೇ, ಒಂದು ಕೇಳ್ತೇನೆ ಬೇಜಾರಾಗ್ಬೇಡಿ, ಅವ ಹಾರ್ತಾ ಇರುವಾಗ ನಿಮ್ಮ ಗ್ರೂಪಲ್ಲಿ ಎಂತ ಮೆಸೇಜ್ ಇತ್ತು?

ಮಲ್ಪೆಕರೆ · 9:34

ನೋಡಿದೆ ಈಗ. ಅಲ್ಲಿ ಸಂಜೆ ಅಂದ್ರೆ ನಮಗೆ ಮರುದಿನ ಬೆಳಗಿನ ಜಾವ, ಅಕ್ಕ ಹಾಲು ಕಾಯಿಸ್ಲಿಕ್ಕೆ ಎದ್ದವಳು ಶುರು ಮಾಡಿದ್ದು. "ಎಲ್ಲಿ ಮುಟ್ಟಿದಿ ಮಗ." "ಭಟ್ರು ಏಳು ಗಂಟೆಗೆ ಬರ್ತಾರಂತೆ, ಅಣ್ಣ ಕೂರ್ಬೇಕು ಅಂತ ಹೇಳಿದ್ದಾರೆ." ಭಾವ, "ಈ ಸಲ ಕೈಕೊಟ್ರೆ ನೋಡು." ಮತ್ತೆ ಚಿಕ್ಕಮ್ಮನದ್ದು ಗುಡ್ ಮಾರ್ನಿಂಗ್ ಗುಲಾಬಿ. ಹೈವೇ ಹತ್ರ ಸಿಗ್ನಲ್ ಸಿಕ್ಕಿದಾಗ ಎಲ್ಲ ಒಟ್ಟಿಗೆ ಟಣ್ ಟಣ್ ಅಂತ ಬಂತಂತೆ ಅವನಿಗೆ, ಸರಿ ಆ ಲಾರಿ ಲೈಟ್ ಮಾಯ ಆಗುವ ಹೊತ್ತಿಗೆ.

ಘಟ್ಟದ_ಸ್ಟೇರಿಂಗ್ · 9:41

ನಮಗೂ ಹಾಗೇ. ಹೆಂಡತಿ ಫೋನ್ ಮಾಡುದು ಕರೆಕ್ಟ್ ಅಣ್ಣಪ್ಪ ಬೆಟ್ಟದ ತಿರುವಿಗೇ.

ಕಾಪು_ಅಕ್ಕ · 9:47

ತಾಯಿ ಆದವಳು ಕೇಳದೆ ಇರ್ತಾಳಾ, ಅವಳಿಗೆ ಎಂತ ಗೊತ್ತು ಮೋಡ ಹಿಮ. ಆದ್ರೆ ಭಾವ ಬರೆದದ್ದು ಸರಿ ಅಲ್ಲ.

ಮಣಿಪಾಲ_ಕಿವಿಮೂಗು · 10:02

ಪೈಲಟ್‌ಗಳಿಗೆ ಹಾರುವ ಮೊದಲು ಸ್ವಂತ ತಪಾಸಣೆಗೆ ಒಂದು ಪಟ್ಟಿ ಉಂಟಲ್ಲ, ಐಮ್ ಸೇಫ್ ಅಂತ, ಕಾಯಿಲೆ, ಮದ್ದು, ಒತ್ತಡ, ಮದ್ಯ, ಸುಸ್ತು, ಮನಸ್ಸಿನ ಸ್ಥಿತಿ. ಈ ಹುಡುಗನಿಗೆ ಅದರಲ್ಲಿ ಮೂರು ಹೋಗಿತ್ತು ಅಂತ ಕಾಣ್ತದೆ. ಡಾಕ್ಟ್ರುಗಳಿಗೂ ಅಂಥದ್ದೊಂದು ಪಟ್ಟಿ ಬೇಕು, ಅದು ಬೇರೆ ವಿಷಯ.

ಸುರತ್ಕಲ್_172 · 10:10

ಅಂದ ಹಾಗೆ ವಿಮಾನ ವಾಪಸ್ ಹೇಗೆ ತಂದ? ಕ್ಲಬ್ಬಿನವರು ಎಂತ ಹೇಳಿದ್ರು, ಲೇಟ್ ಆದ್ರೆ ದಂಡ ಹಾಕ್ತಾರೆ ಕೆಲವು ಕಡೆ.

ಮಲ್ಪೆಕರೆ · 10:25

ಭಾನುವಾರ ಮಧ್ಯಾಹ್ನ ಅಲ್ಲಿ ಪೂರಾ ಬಿಸಿಲು ಬಂತಂತೆ, ಎರಡು ರಾತ್ರಿ ಒಳ್ಳೆ ನಿದ್ದೆ ಮಾಡಿ ಆರಾಮಲ್ಲಿ ಹೋಗಿ ಇಳಿಸಿದ. ದಂಡ ಹಾಕ್ಲಿಲ್ಲ, ಹವಾಮಾನಕ್ಕೆ ಉಳಿದ್ರೆ ಲೇಟ್ ಫೀಸ್ ಇಲ್ಲ ಅಂತ ಅವರ ರೂಲ್ಸಲ್ಲೇ ಉಂಟಂತೆ. ಯಾಕೆ ಅಂತ ಈಗ ಗೊತ್ತಾಯ್ತು ನನಗೆ.

ಈ ಥ್ರೆಡ್ ಪೂರಾ ಭಾವನಿಗೆ ಕಳಿಸಿದ್ದೇನೆ. ನೀಲಿ ಟಿಕ್ ಬಂದುಂಟು, ಉತ್ತರ ಬರ್ಲಿಲ್ಲ. ಅಕ್ಕ ಮಾತ್ರ ಡಾಕ್ಟ್ರು ಬರೆದದ್ದು ಎರಡು ಸಲ ಓದಿಸಿಕೊಂಡ್ಳು. ಹುಡುಗ ಹೊಸ ಕಂಡೀಷನ್ ಹಾಕಿದ್ದಾನೆ, ಇನ್ನು ವಿಮಾನದಲ್ಲಿ ಬರುದಾದ್ರೆ ಯಾವ ದಿನ ಯಾವ ಟೈಮಿಗೆ ಮುಟ್ಟುದು ಅಂತ ಯಾರಿಗೂ ಹೇಳುದಿಲ್ಲವಂತೆ, ಇಳಿದ ಮೇಲೆ ಫೋನ್ ಮಾಡುದಂತೆ.

ಕಾಪು_ಅಕ್ಕ · 10:31

ಅದು ಸರಿ, ಆದ್ರೆ ಅಡುಗೆಗೆ ಎಷ್ಟು ಅಕ್ಕಿ ಹಾಕುದು ಮತ್ತೆ?